ಗ್ಲೈಫೋಸೇಟ್ ಕಳೆನಾಶಕದ ವಿಷ: ಡಬ್ಬಿಯ ಮುಚ್ಚಳ ತೆರೆಯುವ ಮೊದಲು ತಿಳಿದಿರಬೇಕಾದದ್ದು

ಜಗತ್ತಿನಲ್ಲಿ ಬೇರೆಲ್ಲ ಕಳೆನಾಶಕಗಳಿಗಿಂತ ಹೆಚ್ಚು ಬಳಕೆಯಾಗುವುದು ಗ್ಲೈಫೋಸೇಟ್. ಅಡುಗೆ ಉಪ್ಪಿಗಿಂತಲೂ ಕಡಿಮೆ ವಿಷ ಎಂದು ಅದನ್ನು ಹೊಗಳುವವರಿದ್ದಾರೆ. ಅದು ಬಿದ್ದ ಹುಲ್ಲನ್ನು ಮುಟ್ಟಿದರೂ ಕೇಡು ತಪ್ಪಿದ್ದಲ್ಲ ಎಂದು ನಂಬಿದವರೂ ಇದ್ದಾರೆ. ಈ ಎರಡು ಮಾತುಗಳನ್ನೂ ಕೇಳಿಸಿಕೊಂಡ ಬಳಕೆದಾರರಲ್ಲಿ ಎಷ್ಟೋ ಮಂದಿ ಸಿಂಪಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಆದರೆ ಡಬ್ಬಿಯಲ್ಲಿನ ನೀರು ಬೆರೆಸದ ಗಟ್ಟಿ ದ್ರವವನ್ನು ಬರಿಗೈಯಲ್ಲಿ ಅಳೆದು, ಮಿಕ್ಕಿದ್ದನ್ನು ಹಳೆಯ ನೀರಿನ ಬಾಟಲಿಗೆ ಸುರಿದಿಡುತ್ತಾರೆ. ನಿಜವಾದ ಅಪಾಯ ಹೆಚ್ಚಾಗಿ ಇರುವುದು ಈ ಕೊನೆಯ ಎರಡು ಕೆಲಸಗಳಲ್ಲಿಯೇ. ದ್ರವವು ಡಬ್ಬಿಯಿಂದ ಹೊರಟು ಮಣ್ಣು ಸೇರುವವರೆಗೆ ಯಾವ ಘಟ್ಟದಲ್ಲಿ ಯಾರಿಗೆ ಎಷ್ಟು ಅಪಾಯವಿದೆ, ಆಗ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಬ್ರ್ಯಾಂಡ್ ಬಿಟ್ಟು ಸಕ್ರಿಯ ಘಟಕವನ್ನು ಓದಿ

ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವ ಹೆಸರನ್ನು ಬದಿಗಿಟ್ಟು, ಸಣ್ಣ ಅಕ್ಷರಗಳಲ್ಲಿರುವ ಸಕ್ರಿಯ ಘಟಕದ, ಅಂದರೆ ಕಳೆಯನ್ನು ಕೊಲ್ಲುವ ರಾಸಾಯನಿಕದ ಸಾಲನ್ನು ಹುಡುಕಿ. ಮಾನ್ಸಾಂಟೊ ಕಂಪನಿಯು 1974ರಲ್ಲಿ ಗ್ಲೈಫೋಸೇಟ್ ಅನ್ನು ರೌಂಡಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮುಂದೆ ಆ ಹೆಸರೇ ಕಳೆನಾಶಕಕ್ಕೆ ಪರ್ಯಾಯ ಪದವಾಗುವಷ್ಟು ಬಳಕೆಗೆ ಬಂತು. ಆದರೆ ಅಮೆರಿಕದಲ್ಲಿ ಮನೆತೋಟಗಳಿಗಾಗಿ ಇಂದು ಅದೇ ಹೆಸರಿನಲ್ಲಿ ಮಾರಾಟವಾಗುವ ಹಲವು ಉತ್ಪನ್ನಗಳಲ್ಲಿ ಗ್ಲೈಫೋಸೇಟ್ ಇಲ್ಲವೇ ಇಲ್ಲ. ಅದರ ಬದಲು ಡೈಕ್ವಾಟ್, ಟ್ರೈಕ್ಲೋಪಿರ್ ಮುಂತಾದ ಬೇರೆ ಕಳೆನಾಶಕಗಳ ಮಿಶ್ರಣವಿದೆ. ಹೆಸರು ಹಳೆಯದು, ವಸ್ತು ಹೊಸದು. ವಿಷಬಾಧೆಯಾದಾಗ ವೈದ್ಯರಿಗೆ ಬ್ರ್ಯಾಂಡ್ ಹೆಸರನ್ನಷ್ಟೇ ಹೇಳಿದರೆ ಚಿಕಿತ್ಸೆ ದಾರಿ ತಪ್ಪಬಹುದು.

ಅದೇ ಸಾಲಿನಲ್ಲಿ ದ್ರವದ ಸಾಂದ್ರತೆಯೂ ಇರುತ್ತದೆ. ಸಾಮಾನ್ಯವಾಗಿ ಸಿಗುವುದು ಐಸೊಪ್ರೊಪೈಲಮೈನ್ ಲವಣದ ರೂಪದ ಶೇ. 41ರ ದ್ರವ, ಒಂದು ಲೀಟರಿನಲ್ಲಿ ಸುಮಾರು 360 ಗ್ರಾಂ ಗ್ಲೈಫೋಸೇಟ್ ಆಮ್ಲಕ್ಕೆ ಸಮನಾದ ಅಂಶ ಅದರಲ್ಲಿರುತ್ತದೆ. ಸಿಂಪಡಣೆಗೆ ಸಿದ್ಧವಾಗಿಯೇ ಬರುವ ಬಾಟಲಿಗಳಲ್ಲಿ ಇದು ಬಹಳ ಕಡಿಮೆ. ಸಕ್ರಿಯ ಘಟಕದ ಜಾಗದಲ್ಲಿ ಪ್ಯಾರಾಕ್ವಾಟ್ ಅಥವಾ 2,4-ಡಿ ಎಂಬ ಬೇರೆ ಕಳೆನಾಶಕದ ಹೆಸರಿದ್ದರೆ ಈ ಲೇಖನದ ಬಹುಪಾಲು ಮುನ್ನೆಚ್ಚರಿಕೆಗಳು ಅವುಗಳಿಗೂ ಸಲ್ಲುತ್ತವೆ. ಆದರೆ ವಿಷದ ಸ್ವಭಾವ ಪೂರ್ತಿ ಬೇರೆ. ಅದರಲ್ಲೂ ಪ್ಯಾರಾಕ್ವಾಟ್ ಶ್ವಾಸಕೋಶವನ್ನು ನಿಧಾನವಾಗಿ ಹಾಳುಮಾಡುವ, ಪ್ರತಿವಿಷವಿಲ್ಲದ ರಾಸಾಯನಿಕ. ಐರೋಪ್ಯ ಒಕ್ಕೂಟವೂ ಸೇರಿದಂತೆ ಹಲವೆಡೆ ಅದನ್ನು ನಿಷೇಧಿಸಲಾಗಿದೆ. ಅದನ್ನು ಗ್ಲೈಫೋಸೇಟಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಎರಡನೆಯ ಹೆಜ್ಜೆ: ವಿಷದ ಅಂಕಿಯನ್ನು ಅದರ ಮಿತಿಯೊಳಗೆ ಓದಿ

ಉಪ್ಪಿನ ಹೋಲಿಕೆ ಹುಟ್ಟಿದ್ದು ಎಲ್‌ಡಿ 50 ಎಂಬ ಅಂಕಿಯಿಂದ. ಪ್ರಯೋಗಕ್ಕೆ ಒಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ವಸ್ತು ಬೇಕು ಎಂಬುದೇ ಈ ಅಳತೆ. ಇಲಿಗಳಲ್ಲಿ ಶುದ್ಧ ಗ್ಲೈಫೋಸೇಟಿಗೆ ಅದು 4,000ಕ್ಕೂ ಹೆಚ್ಚು. ಅಡುಗೆ ಉಪ್ಪಿಗೆ ಸುಮಾರು 3,000. ಅಂಕಿಗಳೇನೋ ಸರಿ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಸಸ್ಯಗಳು ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳಲು ಶಿಕಿಮೇಟ್ ಮಾರ್ಗ ಎಂಬ ರಾಸಾಯನಿಕ ದಾರಿಯನ್ನು ಬಳಸುತ್ತವೆ. ಗ್ಲೈಫೋಸೇಟ್ ಆ ದಾರಿಯ ಒಂದು ಕಿಣ್ವವನ್ನು ತಡೆದು ಗಿಡವನ್ನು ಕೊಲ್ಲುತ್ತದೆ. ಮನುಷ್ಯರ ಮತ್ತು ಪ್ರಾಣಿಗಳ ಜೀವಕೋಶಗಳಲ್ಲಿ ಈ ದಾರಿಯೇ ಇಲ್ಲ.

ಆದರೆ ಆ ಅಂಕಿ ಹೇಳದೆ ಬಿಡುವ ಸಂಗತಿಗಳೇ ಹೆಚ್ಚು. ಅದು ಒಂದೇ ಸಲದ ಸೇವನೆಗೆ ಸಂಬಂಧಿಸಿದ್ದು, ವರ್ಷಗಟ್ಟಲೆ ಮೈಗೆ ತಾಗುತ್ತ ಬಂದದ್ದಕ್ಕಲ್ಲ. ಅದು ಸಾವನ್ನು ಮಾತ್ರ ಎಣಿಸುತ್ತದೆ, ಸುಟ್ಟ ಅನ್ನನಾಳವನ್ನೂ ಕೆಟ್ಟ ಮೂತ್ರಪಿಂಡವನ್ನೂ ಎಣಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಶುದ್ಧ ಗ್ಲೈಫೋಸೇಟ್ ಕೊಳ್ಳುವುದಿಲ್ಲ. ನೀರಿನ ಹನಿ ಎಲೆಯಿಂದ ಜಾರದೆ ಹರಡಿಕೊಂಡು ಒಳಗಿಳಿಯಲೆಂದು ಡಬ್ಬಿಯಲ್ಲಿ ಸಾಬೂನಿನ ಗುಣದ ಸರ್ಫ್ಯಾಕ್ಟೆಂಟ್ ಬೆರೆಸಿರುತ್ತಾರೆ. ಇವುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದದ್ದು, ಪ್ರಾಣಿಜನ್ಯ ಕೊಬ್ಬಿನಿಂದ ತಯಾರಾಗುವ ಪಿಒಇಎ. ಜೀವಕೋಶದ ಹೊರಪೊರೆಯನ್ನೇ ಘಾಸಿಗೊಳಿಸುವ ಈ ವಸ್ತು ಹಲವು ಪರೀಕ್ಷೆಗಳಲ್ಲಿ ಗ್ಲೈಫೋಸೇಟಿಗಿಂತ ಹೆಚ್ಚು ವಿಷಕಾರಿ ಎಂದು ಕಂಡುಬಂದುದರಿಂದ, ಐರೋಪ್ಯ ಒಕ್ಕೂಟವು 2016ರಲ್ಲಿ ಗ್ಲೈಫೋಸೇಟ್ ಉತ್ಪನ್ನಗಳಲ್ಲಿ ಅದರ ಬಳಕೆಗೆ ತಡೆ ಹಾಕಿತು. ಉಪ್ಪಿನ ಹೋಲಿಕೆ ದಾರಿ ತಪ್ಪಿಸುವಂಥದ್ದು ಎಂದು ನಾನು ಹೇಳುವುದು ಈ ಕಾರಣಕ್ಕೆ. ವಿಷ ಎಷ್ಟೆಂಬ ಪ್ರಶ್ನೆಯನ್ನು ಡಬ್ಬಿಯಲ್ಲಿರುವ ಇಡೀ ದ್ರವದ ಬಗ್ಗೆ ಕೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಪಾಯ ವರ್ಗೀಕರಣದಲ್ಲಿ ಗ್ಲೈಫೋಸೇಟ್ ಮೂರನೆಯ ವರ್ಗದಲ್ಲಿ, ಅಂದರೆ ‘ಸ್ವಲ್ಪ ಅಪಾಯಕಾರಿ’ ಎಂಬಲ್ಲಿದೆ. ಪ್ಯಾರಾಕ್ವಾಟ್ ಮತ್ತು 2,4-ಡಿ ಅದಕ್ಕಿಂತ ಹೆಚ್ಚು ಅಪಾಯದ ಎರಡನೆಯ ವರ್ಗದಲ್ಲಿವೆ.

ಮೂರನೆಯ ಹೆಜ್ಜೆ: ಬೆರೆಸುವ ಹೊತ್ತಿನಲ್ಲಿ ಹೆಚ್ಚು ಎಚ್ಚರ

ಲೀಟರಿಗೆ 360 ಗ್ರಾಂ ಅಂಶವಿರುವ ದ್ರವವನ್ನು ಒಂದು ಲೀಟರ್ ನೀರಿಗೆ 10 ಮಿಲಿಲೀಟರಿನಂತೆ ಬೆರೆಸಿದರೆ, ಸಿಂಪಡಣೆಯ ದ್ರವದಲ್ಲಿ ಲೀಟರಿಗೆ ಸುಮಾರು 3.6 ಗ್ರಾಂ ಮಾತ್ರ ಉಳಿಯುತ್ತದೆ. ಅಂದರೆ ಬೆರೆಸುವಾಗ ಮಣಿಕಟ್ಟಿಗೆ ಸಿಡಿದ ಒಂದು ಹನಿಯಲ್ಲಿ, ಸಿಂಪಡಿಸುವಾಗ ಕಾಲಿಗೆ ಬೀಳುವ ನೂರು ಹನಿಗಳಷ್ಟು ವಸ್ತುವಿದೆ. ದಿನವಿಡೀ ಸಿಂಪಡಿಸುವುದಕ್ಕಿಂತ ಬೆರೆಸುವ ಐದು ನಿಮಿಷಗಳಿಗೇ ಮೊದಲು ಸಿದ್ಧರಾಗಬೇಕೆಂದು ಹೇಳುವುದು ಈ ಲೆಕ್ಕದ ಮೇಲೆಯೇ.

ನೈಟ್ರೈಲ್ ಅಥವಾ ದಪ್ಪ ರಬ್ಬರಿನ ಕೈಗವಸು, ಕಣ್ಣನ್ನು ಪಕ್ಕಗಳಿಂದಲೂ ಮುಚ್ಚುವ ಕನ್ನಡಕ, ಉದ್ದ ತೋಳಿನ ಅಂಗಿ ಮತ್ತು ಮುಚ್ಚಿದ ಬೂಟು ಧರಿಸಿ, ಗಾಳಿಯಾಡುವ ಬಯಲಿನಲ್ಲಿ ಕೆಲಸ ಮಾಡಿ. ಬಟ್ಟೆಯ ಕೈಗವಸು ಬೇಡವೇ ಬೇಡ. ಅದು ದ್ರವವನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಗಾಯವಿಲ್ಲದ ಚರ್ಮದ ಮೂಲಕ ಗ್ಲೈಫೋಸೇಟ್ ಒಳಹೋಗುವ ಪ್ರಮಾಣ ಶೇ. 3ಕ್ಕಿಂತ ಕಡಿಮೆ ಎನ್ನುವುದು ಸಮಾಧಾನದ ಸಂಗತಿಯೇನೋ ಹೌದು. ಆದರೆ ಬಿರುಕುಬಿಟ್ಟ ಚರ್ಮಕ್ಕೆ ಈ ಮಾತು ಅನ್ವಯಿಸದು. ಸರ್ಫ್ಯಾಕ್ಟೆಂಟ್ ಚರ್ಮದಲ್ಲಿ ಉರಿ ಮತ್ತು ಕೆಂಪು ತರಬಹುದು. ಕಣ್ಣಿಗೆ ಬಿದ್ದರೆ ತೊಂದರೆ ಇನ್ನೂ ಹೆಚ್ಚು.

ಸ್ಪ್ರೇಯರ್ ತೊಟ್ಟಿಗೆ ಮೊದಲು ಅರ್ಧದಷ್ಟು ನೀರು ತುಂಬಿ. ಡಬ್ಬಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಇದಕ್ಕೆಂದೇ ಮೀಸಲಾದ ಅಳತೆಯ ಲೋಟಕ್ಕೆ ನಿಧಾನವಾಗಿ ಸುರಿದು, ಕೂಡಲೇ ಮುಚ್ಚಳ ಬಿಗಿದು, ಆಮೇಲೆ ತೊಟ್ಟಿಗೆ ಹಾಕಿ. ಲೋಟವನ್ನು ತೊಳೆದ ನೀರೂ ತೊಟ್ಟಿಗೇ ಹೋಗಲಿ. ಬಳಿಕ ಉಳಿದ ನೀರು ತುಂಬಿದರೆ ನೊರೆ ಕಡಿಮೆ ಬರುತ್ತದೆ. ಮೊದಲೇ ಮದ್ದು ಹಾಕಿ ಮೇಲಿಂದ ರಭಸವಾಗಿ ನೀರು ಬಿಟ್ಟರೆ ನೊರೆ ಉಕ್ಕಿ ಕೈಮೇಲೆ ಹರಿಯುತ್ತದೆ. ಸತುವಿನ ಲೇಪವಿರುವ ಕಬ್ಬಿಣದ ಬಕೆಟ್ ಅಥವಾ ಒಳಲೇಪವಿಲ್ಲದ ಉಕ್ಕಿನ ತೊಟ್ಟಿಯಲ್ಲಿ ಇದನ್ನು ಬೆರೆಸಲೂ ಬಾರದು, ಇಡಲೂ ಬಾರದು. ದ್ರವವು ಆ ಲೋಹಗಳೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಆ ಅನಿಲಕ್ಕೆ ಕಿಡಿ ತಗುಲಿದರೆ ಸ್ಫೋಟವಾಗಬಹುದು. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಲ್ಲಿ ಈ ತೊಂದರೆಯಿಲ್ಲ. ನಾಜಲ್ ಕಟ್ಟಿಕೊಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ನೀರಿನಲ್ಲಿ ತೊಳೆಯಿರಿ. ಬಾಯಿಟ್ಟು ಊದುವ ಅಭ್ಯಾಸ ಎಷ್ಟು ಸಹಜವೆನಿಸಿದರೂ ಬಿಡಬೇಕಾದದ್ದು.

ನಾಲ್ಕನೆಯ ಹೆಜ್ಜೆ: ಸಿಂಪಡಣೆ

ಗ್ಲೈಫೋಸೇಟ್ ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯಲ್ಲಿ ಸಾಗುವುದು ಸಣ್ಣ ಹನಿಗಳು ಮಾತ್ರ. ಆದ್ದರಿಂದ ಗಾಳಿ ಮಂದವಾಗಿರುವ ಹೊತ್ತು, ದಪ್ಪ ಹನಿಯ ನಾಜಲ್, ಕಡಿಮೆ ಒತ್ತಡ ಮತ್ತು ನೆಲಕ್ಕೆ ಹತ್ತಿರ ಹಿಡಿದ ಕೊಳವೆ ಇವಿಷ್ಟು ಸರಿಯಾಗಿದ್ದರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಒದ್ದೆಯಾದ ಹುಲ್ಲಿನ ಮೇಲೆ ನಡೆಯದಂತೆ ಹಿಂದಕ್ಕೆ ಹೆಜ್ಜೆಯಿಡುತ್ತ ಸಿಂಪಡಿಸಿ. ಮುಗಿದ ಮೇಲೆ ಕೈಗವಸನ್ನು ತೆಗೆಯುವ ಮೊದಲೇ ಅದರ ಹೊರಮೈಯನ್ನು ತೊಳೆಯಿರಿ, ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಕೈ ಮುಖ ತೊಳೆಯದೆ ತಿನ್ನಬೇಡಿ.

ಐದನೆಯ ಹೆಜ್ಜೆ: ಪ್ರಾಣಿಗಳನ್ನು ದೂರವಿಡಿ

ನಾಯಿ ಮತ್ತು ಬೆಕ್ಕುಗಳು ಹುಲ್ಲು ಕಡಿಯುತ್ತವೆ, ಪಾದ ನೆಕ್ಕುತ್ತವೆ. ದ್ರವ ಅವುಗಳ ಹೊಟ್ಟೆ ಸೇರುವುದು ಹೆಚ್ಚಾಗಿ ಹೀಗೆಯೇ. ಒದ್ದೆಯಿದ್ದಾಗ ತಿಂದರೆ ಜೊಲ್ಲು ಸುರಿಯುವುದು, ವಾಂತಿ, ಭೇದಿ, ಊಟ ಬಿಡುವುದು, ಮಂಕಾಗಿ ಮಲಗುವುದು ಕಾಣಿಸಬಹುದು. ಎಲೆಯ ಮೇಲಿನ ದ್ರವ ಪೂರ್ತಿ ಒಣಗುವವರೆಗೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ಜಾಗಕ್ಕೆ ಬಿಡದಿರುವುದು ಕನಿಷ್ಠ ಎಚ್ಚರ. ಕೃಷಿ ಬಳಕೆಯ ಲೇಬಲ್‌ಗಳಲ್ಲಿ 4 ಅಥವಾ 12 ಗಂಟೆಗಳ ಅವಧಿಯನ್ನು ನಮೂದಿಸಿರುವುದುಂಟು. ನಿಮ್ಮ ಡಬ್ಬಿಯ ಲೇಬಲ್ ಹೆಚ್ಚು ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ.

ಮೇಯುವ ಪ್ರಾಣಿಗಳ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಗ್ಲೈಫೋಸೇಟ್ ನಿಧಾನವಾಗಿ ಕೆಲಸ ಮಾಡುತ್ತದೆ. ಸಿಂಪಡಿಸಿದ ಕಳೆ ಹಲವು ದಿನ, ಕೆಲವೊಮ್ಮೆ ವಾರಕ್ಕೂ ಹೆಚ್ಚು ಕಾಲ ಹಸಿರಾಗಿಯೇ ನಿಂತಿರುತ್ತದೆ. ಮದ್ದು ಬಿದ್ದ ಹುಲ್ಲು ಯಾವುದು, ಬೀಳದ್ದು ಯಾವುದು ಎಂದು ನೋಡಿ ಹೇಳಲಾಗದ ಈ ದಿನಗಳಲ್ಲಿ ದನ, ಕುರಿ, ಮೇಕೆಗಳನ್ನು ಅಲ್ಲಿಗೆ ಬಿಡಬಾರದು. ಮೇಯಿಸಲು ಎಷ್ಟು ದಿನ ಕಾಯಬೇಕೆಂದು ಲೇಬಲ್ ಹೇಳುತ್ತದೆ. ಇನ್ನೊಂದು ಅಪಾಯ ಹಲವರ ಗಮನಕ್ಕೆ ಬರುವುದೇ ಇಲ್ಲ. ತಮ್ಮಲ್ಲೇ ವಿಷವಿರುವ ಕೆಲವು ಕಳೆಗಳನ್ನು ಪ್ರಾಣಿಗಳು ಸಾಮಾನ್ಯವಾಗಿ ಮೂಸಿ ಬಿಟ್ಟುಬಿಡುತ್ತವೆ. ಕಳೆನಾಶಕ ತಗುಲಿ ಬಾಡತೊಡಗಿದಾಗ ಆ ಗಿಡಗಳ ರುಚಿ ಬದಲಾಗಿ ಪ್ರಾಣಿಗಳು ಅವನ್ನು ತಿನ್ನತೊಡಗುತ್ತವೆ. ಗಿಡದೊಳಗಿನ ವಿಷ ಮಾತ್ರ ಹಾಗೆಯೇ ಉಳಿದಿರುತ್ತದೆ. ಯಕೃತ್ತನ್ನು ಕೆಡಿಸುವ ಆಲ್ಕಲಾಯ್ಡ್‌ಗಳಿರುವ ರ‍್ಯಾಗ್‌ವರ್ಟ್ ಗಿಡ ಇದಕ್ಕೆ ಚೆನ್ನಾಗಿ ತಿಳಿದಿರುವ ಉದಾಹರಣೆ. ಸಿಂಪಡಿಸಿದ ಜಾಗದಲ್ಲಿ ಮೇಯ್ದ ದನ ಕಾಯಿಲೆ ಬಿದ್ದಾಗ ಎಲ್ಲರ ಕಣ್ಣು ಡಬ್ಬಿಯ ಮೇಲೆ ಬೀಳುತ್ತದೆ. ಪಶುವೈದ್ಯರಿಗೆ ಆ ಜಾಗದಲ್ಲಿದ್ದ ಕಳೆಯ ಗಿಡವನ್ನೂ ಕಿತ್ತು ತೋರಿಸಬೇಕು.

2,4-ಡಿ ಬಳಸುವವರು ನಾಯಿಯ ಬಗ್ಗೆ ಪ್ರತ್ಯೇಕ ಎಚ್ಚರ ವಹಿಸಬೇಕು. 2,4-ಡಿಯಂಥ ಆಮ್ಲಗಳನ್ನು ಮೂತ್ರದ ಮೂಲಕ ಹೊರಹಾಕುವ ಶಕ್ತಿ ನಾಯಿಗಳ ದೇಹಕ್ಕೆ ಕಡಿಮೆ. ಹಾಗಾಗಿ ಇಲಿಗಳಿಗೆ ಬಾಧಿಸದ ಪ್ರಮಾಣವೂ ಅವುಗಳಲ್ಲಿ ವಾಂತಿ, ಸ್ನಾಯುಗಳ ಬಿಗಿತ ಮತ್ತು ನಡಿಗೆಯ ತೊಡಕನ್ನು ತರಬಹುದು.

ಕೆರೆ, ಹಳ್ಳ, ಬಾವಿಗಳ ಅಂಚಿನಲ್ಲಿ ಸಾಮಾನ್ಯ ಗ್ಲೈಫೋಸೇಟ್ ಉತ್ಪನ್ನಗಳನ್ನು ಸಿಂಪಡಿಸಬೇಡಿ. ಮೀನಿನ ಕಿವಿರು ಮತ್ತು ಗೊದಮೊಟ್ಟೆಗಳಿಗೆ ಮೇಲೆ ಹೇಳಿದ ಸರ್ಫ್ಯಾಕ್ಟೆಂಟ್ ಬಹಳ ಹಾನಿಕರ. ನೀರಿನ ಬಳಿಯ ಬಳಕೆಗೆಂದೇ ಅನುಮತಿ ಪಡೆದ ಉತ್ಪನ್ನಗಳು ಬೇರೆ ಇರುತ್ತವೆ. ಜೇನುನೊಣಗಳನ್ನು ಗ್ಲೈಫೋಸೇಟ್ ನೇರವಾಗಿ ಕೊಲ್ಲುವುದು ಅಪರೂಪವಾದರೂ, ಅವುಗಳ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳಲ್ಲಿ ಶಿಕಿಮೇಟ್ ಮಾರ್ಗವಿರುವುದರಿಂದ ಅವು ಕ್ಷೀಣಿಸುತ್ತವೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ಹೂಬಿಟ್ಟ ಕಳೆಯ ಮೇಲೆ, ಜೇನು ಹಾರಾಡುವ ಹೊತ್ತಿನಲ್ಲಿ ಸಿಂಪಡಿಸದಿರಿ.

ಆರನೆಯ ಹೆಜ್ಜೆ: ಮಿಕ್ಕ ದ್ರವ ಮತ್ತು ಖಾಲಿ ಡಬ್ಬಿ

ಗಟ್ಟಿ ದ್ರವವು ಅದು ಬಂದ ಡಬ್ಬಿಯಲ್ಲಿಯೇ, ಲೇಬಲ್ ಸಮೇತ, ಬೀಗ ಹಾಕಿದ ಕಪಾಟಿನಲ್ಲಿರಬೇಕು. ಈ ನಿಯಮಕ್ಕೆ ನಾನು ಯಾವ ವಿನಾಯಿತಿಯನ್ನೂ ಒಪ್ಪುವುದಿಲ್ಲ. ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟ ದ್ರವವನ್ನು ಮಗುವಾಗಲೀ, ಕತ್ತಲಲ್ಲಿ ಬಾಯಾರಿ ಬಂದ ದೊಡ್ಡವರಾಗಲೀ ಒಂದು ಗುಟುಕು ಕುಡಿದ ಮೇಲಷ್ಟೇ ತಪ್ಪು ತಿಳಿಯುವುದು. ಮನೆಯಲ್ಲಿ ತೀವ್ರವಾಗಿ ಮನನೊಂದವರಿದ್ದರೆ ಇಂಥ ದ್ರವಗಳನ್ನು ಮನೆಯಲ್ಲಿ ಇಡಲೇಬೇಡಿ. ಕೈಗೆ ಸಿಗದಂತೆ ಮಾಡುವುದೊಂದೇ ಎಷ್ಟೋ ಜೀವಗಳನ್ನು ಉಳಿಸುತ್ತದೆ.

ಖಾಲಿ ಡಬ್ಬಿಯನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇಯರ್ ತೊಟ್ಟಿಗೇ ಸುರಿದು, ಡಬ್ಬಿಗೆ ತೂತು ಕೊರೆದು, ನಿಮ್ಮ ಪ್ರದೇಶದ ನಿಯಮದಂತೆ ವಿಲೇವಾರಿ ಮಾಡಿ. ತೊಳೆದ ಡಬ್ಬಿಯಾದರೂ ಕುಡಿಯುವ ನೀರಿಗಾಗಲೀ ಪ್ರಾಣಿಗಳಿಗೆ ನೀರಿಡಲಾಗಲೀ ಬಳಸಬಾರದು.

ಏಳನೆಯ ಹೆಜ್ಜೆ: ತಾಗಿದರೆ ಅಥವಾ ನುಂಗಿದರೆ

ಚರ್ಮಕ್ಕೆ ಬಿದ್ದರೆ ಒದ್ದೆಯಾದ ಬಟ್ಟೆಯನ್ನು ತಕ್ಷಣ ಕಳಚಿ, ಸಾಬೂನು ಮತ್ತು ಧಾರಾಳ ನೀರಿನಿಂದ 15ರಿಂದ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅಷ್ಟೇ ಹೊತ್ತು ಮೆಲ್ಲಗೆ ನೀರು ಹರಿಸಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೊದಲ ಐದು ನಿಮಿಷ ತೊಳೆದ ಬಳಿಕ ಅದನ್ನು ತೆಗೆದು ಮತ್ತೆ ಮುಂದುವರಿಸಿ.

ನುಂಗಿದ್ದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ಹಾನಿಯೇ. ಸಾಬೂನಿನ ಗುಣದ ದ್ರವವು ವಾಂತಿಯಾಗುವಾಗ ನೊರೆಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಆಗಲೇ ಕೆರಳಿರುವ ಅನ್ನನಾಳವನ್ನು ಎರಡನೆಯ ಸಲ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, ವಿಷ ಮಾಹಿತಿ ಕೇಂದ್ರಕ್ಕೆ ಅಥವಾ ತುರ್ತು ಸೇವೆಗೆ ಕರೆ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಬೆರೆಸಿದ ತೆಳು ದ್ರವ ತುಟಿಗೆ ತಾಗಿದಷ್ಟಕ್ಕೆ ಸಾಮಾನ್ಯವಾಗಿ ಬಾಯಿ, ಗಂಟಲಿನ ಉರಿಯಷ್ಟೇ ಆಗುತ್ತದೆ. ಗಟ್ಟಿ ದ್ರವ ಹೊಟ್ಟೆ ಸೇರಿದ್ದರೆ ಸದ್ಯಕ್ಕೆ ಚೆನ್ನಾಗಿದ್ದಾರೆಂದು ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು. ಆರಂಭದಲ್ಲಿ ವಾಂತಿ, ಹೊಟ್ಟೆನೋವು, ಭೇದಿ ಮಾತ್ರ ಇದ್ದು, ಅನಂತರ ರಕ್ತದೊತ್ತಡ ಕುಸಿಯುವುದು, ಉಸಿರಾಟ ಕಷ್ಟವಾಗುವುದು, ಮೂತ್ರ ಕಡಿಮೆಯಾಗುವುದು, ರಕ್ತದಲ್ಲಿ ಆಮ್ಲೀಯತೆ ಮತ್ತು ಪೊಟ್ಯಾಸಿಯಂ ಏರುವುದು ಗಂಭೀರ ಪ್ರಕರಣಗಳ ದಾರಿ.

ಡಬ್ಬಿಯನ್ನು ಅಥವಾ ಲೇಬಲ್‌ನ ಚಿತ್ರವನ್ನು ಜೊತೆಗೆ ಒಯ್ಯಿರಿ. ಗ್ಲೈಫೋಸೇಟಿನ ಅಣುವಿನಲ್ಲಿ ರಂಜಕವಿದೆ; ಆದರೂ ಅದು ಆರ್ಗನೋಫಾಸ್ಫೇಟ್ ಕೀಟನಾಶಕಗಳಂತೆ ನರಗಳ ಕೊಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದಿಲ್ಲ. ಕೀಟನಾಶಕ ಸೇವನೆಗೆ ಕೊಡುವ ಅಟ್ರೋಪಿನ್, ಪ್ರಾಲಿಡಾಕ್ಸಿಮ್ ಔಷಧಗಳು ಇದರ ಪ್ರತಿವಿಷವಲ್ಲ. ಗ್ಲೈಫೋಸೇಟಿಗೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ರಕ್ತದೊತ್ತಡ, ಉಸಿರಾಟ, ಮೂತ್ರಪಿಂಡಗಳನ್ನು ಕಾಯ್ದುಕೊಳ್ಳುವುದು, ಅಗತ್ಯಬಿದ್ದರೆ ಡಯಾಲಿಸಿಸ್ ಮಾಡುವುದು ಇದರ ಚಿಕಿತ್ಸೆ. ‘ಏನೋ ಎಣ್ಣೆ ಕುಡಿದರು’ ಎಂಬ ಮಾತಿಗೂ ‘ಶೇ. 41ರ ಗ್ಲೈಫೋಸೇಟ್, ಸುಮಾರು ಇಷ್ಟು, ಇಷ್ಟು ಗಂಟೆಗೆ’ ಎಂಬ ಮಾತಿಗೂ ತುರ್ತು ಚಿಕಿತ್ಸೆಯಲ್ಲಿ ಬಹಳ ಅಂತರವಿದೆ.

ಪ್ರಾಣಿಯ ಮೈಗೆ ಬಿದ್ದಿದ್ದರೆ ಅದು ನೆಕ್ಕದಂತೆ ತಡೆದು, ಕೈಗವಸು ಹಾಕಿಕೊಂಡು, ಸೌಮ್ಯ ಸಾಬೂನಿನಿಂದ ಪಾದ ಮತ್ತು ರೋಮವನ್ನು ತೊಳೆಯಿರಿ. ವಾಂತಿ ಮಾಡಿಸಬಾರದೆಂಬ ನಿಯಮ ಇಲ್ಲಿಯೂ ಅಷ್ಟೇ ಕಟ್ಟುನಿಟ್ಟು. ವಾಂತಿ ಪದೇ ಪದೇ ಆಗುತ್ತಿದ್ದರೆ, ಉಸಿರಾಟ ಬದಲಾಗಿದ್ದರೆ ಅಥವಾ ಪ್ರಾಣಿ ಎದ್ದು ನಿಲ್ಲಲಾರದಾದರೆ ಪಶುವೈದ್ಯರಲ್ಲಿಗೆ ಲೇಬಲ್ ಸಮೇತ ಒಯ್ಯಿರಿ.

ಎಂಟನೆಯ ಹೆಜ್ಜೆ: ವರ್ಷಗಟ್ಟಲೆ ಸಿಂಪಡಿಸುವವರಿಗೆ

ಕ್ಯಾನ್ಸರ್ ಪ್ರಶ್ನೆಗೆ ಒಂದೇ ಪದದ ಉತ್ತರ ಹೇಳುವವರನ್ನು ನಂಬದಿರುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಮಾರ್ಚ್‌ನಲ್ಲಿ ಗ್ಲೈಫೋಸೇಟ್ ಅನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಅದು ಕ್ಯಾನ್ಸರ್ ತರುವ ಸಾಧ್ಯತೆ ಕಡಿಮೆ ಎಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ತೀರ್ಮಾನವೂ ಹೀಗೆಯೇ ಇತ್ತು. ಆದರೆ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ 2022ರಲ್ಲಿ, ಆ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅದನ್ನು ರದ್ದುಪಡಿಸಿತು. ಐರೋಪ್ಯ ಒಕ್ಕೂಟ 2023ರಲ್ಲಿ ಪರವಾನಗಿಯನ್ನು ಇನ್ನೂ 10 ವರ್ಷಕ್ಕೆ ವಿಸ್ತರಿಸಿದೆ. ಈ ಭಿನ್ನತೆಗೆ ಒಂದು ಕಾರಣ, ಕೇಳಿದ ಪ್ರಶ್ನೆಗಳೇ ಬೇರೆ ಎಂಬುದು. ಕ್ಯಾನ್ಸರ್ ಸಂಸ್ಥೆ ಆ ವಸ್ತುವಿಗೆ ಕ್ಯಾನ್ಸರ್ ಉಂಟುಮಾಡುವ ಗುಣವಿದೆಯೇ ಎಂದು ನೋಡುತ್ತದೆ. ನಿಯಂತ್ರಣ ಸಂಸ್ಥೆಗಳು ವಾಸ್ತವದಲ್ಲಿ ಜನರಿಗೆ ತಾಗುವ ಪ್ರಮಾಣದಲ್ಲಿ ಅಪಾಯವಿದೆಯೇ ಎಂದು ನೋಡುತ್ತವೆ. ಯಾವ ಅಧ್ಯಯನಗಳಿಗೆ ಎಷ್ಟು ತೂಕ ಕೊಡಬೇಕೆಂಬುದರಲ್ಲಿಯೂ ಅವುಗಳಿಗೆ ಒಮ್ಮತವಿಲ್ಲ.

ಅಮೆರಿಕದ 54,000ಕ್ಕೂ ಹೆಚ್ಚು ಸಿಂಪಡಣೆಗಾರರನ್ನು ಅನುಸರಿಸಿದ ಅಧ್ಯಯನದ 2018ರ ವರದಿ ಗ್ಲೈಫೋಸೇಟಿಗೂ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದು, ಅತಿ ಹೆಚ್ಚು ತಾಗಿದವರಲ್ಲಿ ಆ ಕ್ಯಾನ್ಸರಿನ ಅಪಾಯ ಶೇ. 41ರಷ್ಟು ಹೆಚ್ಚು ಎಂದಿತು. ನನ್ನ ದೃಷ್ಟಿಯಲ್ಲಿ ಇದರಿಂದ ಹೊರಡುವ ಕಾರ್ಯಸಾಧ್ಯ ತೀರ್ಮಾನ ಒಂದೇ: ವರ್ಷಕ್ಕೊಮ್ಮೆ ಅಂಗಳದ ಕಳೆಗೆ ಬಳಸುವವರಿಗಿಂತ, ಋತುವಿಡೀ ಕೂಲಿಗಾಗಿ ಸಿಂಪಡಿಸುವವರ ಮೈಗೆ ತಾಗುವ ಒಟ್ಟು ಮೊತ್ತವನ್ನು ತಗ್ಗಿಸುವುದು ತುರ್ತಿನ ಕೆಲಸ. ಸೋರುವ ತೊಟ್ಟಿಯನ್ನು ಬೆನ್ನಿಗೇರಿಸದಿರುವುದು, ಹರಿದ ಕೈಗವಸನ್ನು ಅಂದೇ ಬದಲಿಸುವುದು, ಬೆರೆಸುವ ಕೆಲಸ ಸದಾ ಒಬ್ಬರ ಪಾಲಿಗೇ ಬರದಂತೆ ಹಂಚಿಕೊಳ್ಳುವುದು, ಕಳೆ ಕಡಿಮೆಯಿರುವ ಕಡೆ ಕೈಯಿಂದ ಕಿತ್ತು ಮುಗಿಸುವುದು ಇದರಲ್ಲಿ ಸೇರುತ್ತವೆ. ಜೊತೆಗೆ ಯಾವ ದಿನ, ಯಾವ ಸಕ್ರಿಯ ಘಟಕ, ಎಷ್ಟು ಪ್ರಮಾಣ, ಎಷ್ಟು ಗಂಟೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟೋ ವರ್ಷಗಳ ನಂತರ ವೈದ್ಯರು ಕೇಳಿದಾಗ ನೆನಪಿನಿಂದ ಹೇಳಲಾಗದ ವಿವರಗಳು ಅವು.